ಹಳೆ ಕಸ್ಟಮ್ ಬುಲೆಟ್‌ಗೆ ಹೊಸ ವೈರಿಂಗ್: ತೇಪೆ ಸಾಕು, ಪೂರ್ತಿ ಬಿಚ್ಚಿ

ಕೆಎ-16, ಕೆಎ-17 ನಂಬರಿನ ಹಳೆ ಬುಲೆಟ್‌ಗಳು ಬಾಬರ್ ಆಗಿಯೋ ಕೆಫೆ ರೇಸರ್ ಆಗಿಯೋ ವೇಷ ಬದಲಿಸಿರುವುದನ್ನು ಎಷ್ಟೋ ನೋಡಿರುತ್ತೀರಿ. ಟ್ಯಾಂಕು, ಸೀಟು, ಪೇಂಟಿಗೆಲ್ಲ ದುಡ್ಡು ಸುರಿದಿರುತ್ತಾರೆ. ಸೀಟು ಎತ್ತಿದರೆ ಮಾತ್ರ ಒಳಗೆ ಮನೆ ವೈರಿಂಗ್‌ನ ತುಂಡುಗಳು, ತಿರುಚಿ ಟೇಪ್ ಸುತ್ತಿದ ಗಂಟುಗಳು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಆ ಟೇಪಿನ ಗೋಂದು ಕರಗಿ ಜಾರುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ಮಳೆಗಾಲಕ್ಕೆ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಆಮೇಲೆ ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಬ್ರೇಕ್ ತುಳಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಅಂಥ ಗಾಡಿಗೆ ಇನ್ನೊಂದು ತೇಪೆ ಹಾಕಿ ಉಪಯೋಗವಿಲ್ಲ.

ಇಲ್ಲಿ ಹೇಳುತ್ತಿರುವುದು 12 ವೋಲ್ಟಿನ, ಪಾಯಿಂಟ್ಸ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ, ಕಿಕ್ ಸ್ಟಾರ್ಟ್ ಬುಲೆಟ್ 350ಕ್ಕೆ. ನಿಮ್ಮದು ಇನ್ನೂ 6 ವೋಲ್ಟ್ ಆಗಿದ್ದರೆ ಬ್ಯಾಟರಿ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್, ಬಲ್ಬುಗಳು, ಹಾರ್ನ್, ಇಂಡಿಕೇಟರ್ ಮಿಟುಕಿಸುವ ಫ್ಲಾಷರ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಎಲ್ಲ ಒಟ್ಟಿಗೆ 12ಕ್ಕೆ ಬರಬೇಕು. ಅರ್ಧ ಬದಲಿಸಿದರೆ ಉಳಿದರ್ಧ ಸುಡುತ್ತದೆ.

ಬಿಚ್ಚುವ ಮೊದಲು ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಎಂದು ನೋಡಿ. ಬಹಳ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ (ಪ್ಲಸ್ ತುದಿಯೇ ಚಾಸಿಗೆ) ಇರಬಹುದು. ಹಾಗಿದ್ದಲ್ಲಿ ಅದರ ಮೇಲೆ ಇಂದಿನ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವುದು) ಅಥವಾ ಎಲ್‌ಇಡಿ ಕೂರಿಸಿದರೆ ಸ್ವಿಚ್ ಹಾಕಿದ ಕ್ಷಣವೇ ಹೋಗುತ್ತದೆ. ಪ್ರತಿ ವೈರಿನ ತುದಿಗೂ ಕಾಗದದ ಚೀಟಿ ಅಂಟಿಸಿ, ಫೋಟೋ ತೆಗೆದು, ಹಳೆ ಹಾರ್ನೆಸ್ ಅನ್ನು (ವೈರುಗಳ ಇಡೀ ಕಟ್ಟನ್ನು) ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ನೆಲದ ಮೇಲೆ ಹರಡಿದರೆ ಉದ್ದದ ಅಳತೆ ಅಲ್ಲೇ ಸಿಗುತ್ತದೆ. ಚಾಸಿಗೆ ವೆಲ್ಡಿಂಗ್ ಬಾಕಿ ಇದ್ದರೆ ಈಗಲೇ ಮುಗಿಸಿ. ರೆಗ್ಯುಲೇಟರ್ ಕೂರಿಸಿದ ಮೇಲೆ ವೆಲ್ಡಿಂಗ್ ಹಿಡಿದರೆ ಅದು ಉಳಿಯುವ ಖಾತರಿಯಿಲ್ಲ.

ಈಗ ಲೆಕ್ಕ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪ್. 35/35 ವ್ಯಾಟಿನ (ಹೈ/ಲೋ) ಹೆಡ್‌ಲೈಟಿಗೆ 3 ಆಂಪ್, ಪಾಯಿಂಟ್ಸ್ ಮುಚ್ಚಿದ್ದಾಗ ಕಾಯಿಲ್‌ಗೆ ಸುಮಾರು 3.5, ಬ್ರೇಕ್ ಬಲ್ಬ್ 21 ವ್ಯಾಟ್ ಎಂದರೆ 1.75, ಒಂದು ಕಡೆಯ ಎರಡು 10 ವ್ಯಾಟ್ ಇಂಡಿಕೇಟರ್‌ಗೆ 1.7, ಟೇಲ್ ಲೈಟಿಗೆ 0.4, ಹಾರ್ನ್‌ಗೆ 3, ಹೆಡ್‌ಲೈಟಿನ ಅಕ್ಕಪಕ್ಕದ ಎರಡು ಪುಟ್ಟ ಟೈಗರ್ ಲ್ಯಾಂಪ್ ಸೇರಿ 0.7. ಎಲ್ಲ ಒಟ್ಟಿಗೆ ಉರಿದರೂ ಸುಮಾರು 14. ಹಾಗಾಗಿ ಮೇನ್ ಫ್ಯೂಸ್ 15 ಆಂಪ್ ಸಾಕು. 60/55ರ ಎಚ್4 ಬಲ್ಬ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಅದು ಒಂದೇ 5 ಆಂಪ್ ಎಳೆಯುತ್ತದೆ, ಹಳೆ ಆಲ್ಟರ್ನೇಟರ್‌ಗೆ ಐಡಲ್‌ನಲ್ಲಿ ಅಷ್ಟು ಕೊಡುವ ತಾಕತ್ತಿಲ್ಲ. ರಾತ್ರಿ ಹೈವೇ ಓಡಾಟ ಹೆಚ್ಚಿದ್ದರೆ 20 ವ್ಯಾಟಿನ ಆಸುಪಾಸಿನ ಒಳ್ಳೆಯ ಎಲ್‌ಇಡಿ ಮೇಲು.

ಅಂಗಡಿಯಲ್ಲಿ 'ಆಟೋ ವೈರ್' ಎಂದೇ ಕೇಳಿ, ಸಣ್ಣ ಎಳೆಗಳಿರುವ ತಾಮ್ರದ್ದು. ಒಂದೇ ದಪ್ಪ ಎಳೆಯ ಮನೆ ವೈರು ಬುಲೆಟ್‌ನ ನಡುಕಕ್ಕೆ ಮುರಿಯುತ್ತದೆ, ಅದೂ ಇನ್ಸುಲೇಷನ್ ಒಳಗೇ ಮುರಿಯುವುದರಿಂದ ಹೊರಗೆ ಕಾಣುವುದಿಲ್ಲ. ಬ್ಯಾಟರಿ, ಚಾರ್ಜಿಂಗ್, ಮೇನ್ ಅರ್ಥ್‌ಗೆ 2.5 ಚದರ ಮಿ.ಮೀ. ವೈರು ಕೆಂಪು, ಕಪ್ಪು ತಲಾ 3 ಮೀಟರ್. ಹೆಡ್‌ಲೈಟ್, ಕಾಯಿಲ್, ಹಾರ್ನ್, ಒಳಗಿನ ಅರ್ಥ್ ಲೈನಿಗೆ 1.5ರದ್ದು 8 ಮೀಟರ್. ಇಂಡಿಕೇಟರ್, ಟೇಲ್, ಹ್ಯಾಂಡಲ್ ಸ್ವಿಚ್‌ಗಳಿಗೆ 0.75ರದ್ದು ಐದಾರು ಬಣ್ಣದಲ್ಲಿ ಒಟ್ಟು 20 ಮೀಟರ್. ಕಪ್ಪು ಬಣ್ಣ ಅರ್ಥ್‌ಗೆ ಮಾತ್ರ, ಬೇರೆ ಯಾವುದಕ್ಕೂ ಬೇಡ. ಜೊತೆಗೆ 6.3 ಮಿ.ಮೀ. ಹಿತ್ತಾಳೆ ಟರ್ಮಿನಲ್, ಗೋಂದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರನ್ನು ಅಪ್ಪುವ ಕೊಳವೆ), ಆರು ಬ್ಲೇಡ್ ಫ್ಯೂಸಿನ ಪೆಟ್ಟಿಗೆ, 30 ಆಂಪಿನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಎರಡು. ಊರಲ್ಲಿ ಸಿಗದ ಟರ್ಮಿನಲ್, ಕ್ರಿಂಪಿಂಗ್ ಇಕ್ಕಳ (ಟರ್ಮಿನಲನ್ನು ವೈರಿಗೆ ಒತ್ತಿ ಕೂರಿಸುವುದು) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ.

ಇಕ್ಕಳದ ವಿಷಯದಲ್ಲಿ ಜುಗ್ಗತನ ಬೇಡ. ಟರ್ಮಿನಲ್‌ನ ಬಾಲದಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ವೈರಿನ ತುದಿಯಲ್ಲಿ 6 ಮಿ.ಮೀ. ಸುಲಿದು ಇಟ್ಟಾಗ ಮುಂದಿನ ಜೊತೆ ಬರೀ ತಾಮ್ರವನ್ನು, ಹಿಂದಿನ ಜೊತೆ ಇನ್ಸುಲೇಷನ್ ಅನ್ನು ಅಪ್ಪಿಕೊಳ್ಳಬೇಕು. ನಡುಕ ತಡೆಯುವುದು ಆ ಹಿಂದಿನ ಜೊತೆ. ಸಾದಾ ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದರೆ ರೆಕ್ಕೆ ಚಪ್ಪಟೆಯಾಗುತ್ತದೆಯೇ ಹೊರತು ಒಳಗೆ ಸುರುಳಿಯಾಗುವುದಿಲ್ಲ. ಮುಗಿದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಜಗ್ಗಿ ನೋಡಿ. ಕಿತ್ತು ಬರುವುದಾದರೆ ಈಗಲೇ ಬರಲಿ. ಸೋಲ್ಡರ್ ಗಟ್ಟಿ ಎಂದು ಹೇಳುವವರಿದ್ದಾರೆ. ಸೀಸ ವೈರಿನೊಳಗೆ ಹರಿದು ಆ ಭಾಗ ಕಡ್ಡಿಯಾಗುತ್ತದೆ, ಕಡ್ಡಿ ಮುಗಿಯುವ ಜಾಗದಲ್ಲೇ ಎಳೆಗಳು ಒಂದೊಂದಾಗಿ ಹೋಗುತ್ತವೆ. ಸಿಂಗಲ್ ಸಿಲಿಂಡರ್ ಗಾಡಿಗೆ ಕ್ರಿಂಪೇ ಸರಿ.

ಅರ್ಥ್‌ಗೆ ಬರೋಣ. ಕಸ್ಟಮ್ ಗಾಡಿಯ ಮುಕ್ಕಾಲು ಕಾಟ ಇಲ್ಲೇ. ಪೌಡರ್ ಕೋಟ್ ಮಾಡಿಸಿದ ಚಾಸಿ ನೋಡಲು ಚೆಂದ, ಆದರೆ ಆ ಕೋಟಿಂಗ್ ಕರೆಂಟ್ ಬಿಡುವುದಿಲ್ಲ. ಹೆಡ್‌ಲೈಟಿನ ಅರ್ಥ್ ಅನ್ನು ಡೂಮಿಗೆ (ಹೆಡ್‌ಲೈಟಿನ ಲೋಹದ ಚಿಪ್ಪಿಗೆ) ಕಚ್ಚಿಸಿ ಬಿಟ್ಟರೆ ಕರೆಂಟು ಹ್ಯಾಂಡಲ್ ಬೇರಿಂಗ್‌ನ ಗ್ರೀಸು, ಗುಂಡುಗಳ ಮೂಲಕ ಹಿಂದಿರುಗಬೇಕು. ಹ್ಯಾಂಡಲ್ ತಿರುಗಿಸಿದಾಗ ಲೈಟ್ ಮಿನುಗುವುದು ಇದೇ ಕಾರಣಕ್ಕೆ. ಆದ್ದರಿಂದ ಚಾಸಿಯನ್ನು ನಂಬಬೇಡಿ. ಬ್ಯಾಟರಿ ನೆಗೆಟಿವ್‌ನಿಂದ ಒಂದು 2.5ರ ವೈರು ನೇರ ಇಂಜಿನ್ ಬೋಲ್ಟಿಗೆ, ಇನ್ನೊಂದು ಚಾಸಿಗೆ, ಮತ್ತೊಂದು ಕಪ್ಪು ಲೈನು ಹಾರ್ನೆಸ್ ಒಳಗೇ ಹೆಡ್‌ಲೈಟ್‌ವರೆಗೂ ಟೇಲ್ ಲೈಟ್‌ವರೆಗೂ ಹೋಗಲಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ.

ಮೇನ್ ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ 15 ಸೆಂ.ಮೀ. ಒಳಗೇ ಇರಲಿ, ಅದಕ್ಕೂ ಮುಂಚೆ ವೈರು ಉಜ್ಜಿ ಶಾರ್ಟ್ ಆದರೆ ಕಾಯುವವರಿಲ್ಲ. ಅಲ್ಲಿಂದ ಕೀ ಸ್ವಿಚ್, ಸ್ವಿಚ್‌ನಿಂದ ಪೆಟ್ಟಿಗೆ: ಕಾಯಿಲ್‌ಗೆ 7.5, ಹೆಡ್‌ಲೈಟ್‌ಗೆ 10, ಹಾರ್ನ್-ಬ್ರೇಕ್-ಇಂಡಿಕೇಟರ್‌ಗೆ 10, ಟೇಲ್ ಮತ್ತು ಟೈಗರ್ ಲ್ಯಾಂಪ್‌ಗೆ 5. ಕಾಯಿಲ್ ಬೇರೆ ಫ್ಯೂಸಲ್ಲಿ ಇದ್ದರೆ ಹಾರ್ನ್ ಶಾರ್ಟ್ ಆದರೂ ಗಾಡಿ ಮನೆ ಸೇರುತ್ತದೆ. ರೆಗ್ಯುಲೇಟರ್‌ನಿಂದ ಬರುವ ಚಾರ್ಜಿಂಗ್ ವೈರು ತನ್ನದೇ 15 ಆಂಪ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೇ ಸೇರಲಿ. ಅದನ್ನು ಮೇನ್ ಫ್ಯೂಸಿನ ಆಚೆ, ಲೈಟುಗಳ ಕಡೆ ಸೇರಿಸಿದರೆ ಫ್ಯೂಸ್ ಹಾರಿದ ಹೊತ್ತಲ್ಲಿ ತಡೆಯಲು ಬ್ಯಾಟರಿ ಇಲ್ಲದೆ ವೋಲ್ಟೇಜ್ ಏರಿ ಬಲ್ಬುಗಳು ಸುಡಬಹುದು. ಡೂಮಿನ ಮೇಲಿನ ಆಮ್ಮೀಟರ್ ಚೆಂದಕ್ಕೆ ಇರಲಿ. ಗಾಡಿಯ ಕರೆಂಟೆಲ್ಲ ಅದರ ಹಿಂದಿನ ಎರಡು ನಟ್ಟುಗಳ ಮೂಲಕ ಹೋಗುತ್ತಿದ್ದರೆ, ನಡುಕಕ್ಕೆ ಒಂದು ಸಡಿಲವಾದರೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಒಂದು ಸಣ್ಣ ವೋಲ್ಟ್ ಮೀಟರ್ ಹೆಚ್ಚು ಸುದ್ದಿ ಕೊಡುತ್ತದೆ.

ಹೆಡ್‌ಲೈಟ್, ಹಾರ್ನ್ ಎರಡಕ್ಕೂ ರಿಲೇ ಹಾಕಿ. ಪಿನ್ನುಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಫ್ಯೂಸಿನಿಂದ ಬಂದ ಪಾಸಿಟಿವ್, 87ರಿಂದ ಲೈಟಿಗೆ, 86ಕ್ಕೆ ಹ್ಯಾಂಡಲ್ ಸ್ವಿಚ್‌ನಿಂದ ಬಂದ ವೈರು, 85 ಅರ್ಥ್. ಹೈ, ಲೋ ಎರಡನ್ನೂ ರಿಲೇ ಮೇಲೆ ಓಡಿಸುವುದಾದರೆ ತಲಾ ಒಂದು ಬೇಕು. ಹಾರ್ನ್ ಬಟನ್ ಅರ್ಥ್ ಕೊಡುವ ಜಾತಿಯದಾದರೆ 86ಕ್ಕೆ ಪಾಸಿಟಿವ್, 85 ಬಟನ್‌ಗೆ.

ಕಿಲ್ ಸ್ವಿಚ್‌ನಲ್ಲಿ ಎಡವುವವರು ಬಹಳ. ಪಾಯಿಂಟ್ಸ್ ಬುಲೆಟ್‌ನಲ್ಲಿ ಅದು ಕಾಯಿಲ್‌ಗೆ ಹೋಗುವ ಪಾಸಿಟಿವ್ ಅನ್ನು ಕತ್ತರಿಸಬೇಕು. ಯಮಹಾ ಆರ್‌ಎಕ್ಸ್ 100ರಂಥ ಸಿಡಿಐ (ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಕಿಡಿ) ಗಾಡಿಯಲ್ಲಿ ಉಲ್ಟಾ: ಕಿಲ್ ವೈರನ್ನು ಅರ್ಥ್‌ಗೆ ಮುಟ್ಟಿಸಿದರೆ ಇಂಜಿನ್ ಆಫ್. ಒಂದರ ಸ್ವಿಚ್ ಇನ್ನೊಂದಕ್ಕೆ ಹಾಕಿದರೆ ಫ್ಯೂಸ್ ಹಾರುತ್ತದೆ ಇಲ್ಲವೇ ಇಂಜಿನ್ ಆಫೇ ಆಗುವುದಿಲ್ಲ. ಆರ್‌ಎಕ್ಸ್‌ನ ಹೆಡ್‌ಲೈಟ್ ಮ್ಯಾಗ್ನೆಟ್‌ನಿಂದ ನೇರ ಎಸಿಯಲ್ಲಿ ಉರಿಯುವುದರಿಂದ ಅಲ್ಲಿ ಎಲ್‌ಇಡಿ ಹಾಕಿದರೆ ನಡುಗುತ್ತದೆ. ಅದಕ್ಕೆ ಲೈಟಿಂಗ್ ಕಾಯಿಲ್‌ನ ಅರ್ಥ್ ತುದಿಯನ್ನು ಬಿಡಿಸಿ, ಎರಡೂ ತುದಿ ಹೊರತಂದು ಫುಲ್ ವೇವ್ ರೆಗ್ಯುಲೇಟರ್‌ಗೆ ಕೊಡಬೇಕು.

ಇಂಡಿಕೇಟರ್‌ಗಳು ಎಲ್‌ಇಡಿ ಆದರೆ ಫ್ಲಾಷರ್ ಕೂಡ ಎಲೆಕ್ಟ್ರಾನಿಕ್ ಇರಲಿ, ಹಳೆಯದು ಹುಚ್ಚು ವೇಗದಲ್ಲಿ ಮಿಟುಕುತ್ತದೆ. ಎಡ-ಬಲ ವೈರುಗಳ ನಡುವೆ ಒಂದೇ ಪೈಲಟ್ ಬಲ್ಬ್ (ಇಂಡಿಕೇಟರ್ ಉರಿಯುವುದನ್ನು ಸವಾರನಿಗೆ ತೋರಿಸುವುದು) ಇದ್ದರೆ ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ. ಎರಡು 1ಎನ್4007 ಡಯೋಡ್ ತೆಗೆದುಕೊಂಡು, ಬೆಳ್ಳಿ ಗೆರೆಯಿರುವ ತುದಿಗಳನ್ನು ಕೂಡಿಸಿ ಪೈಲಟ್ ಬಲ್ಬಿಗೆ ಕೊಡಿ. ಇನ್ನೆರಡು ತುದಿ ಎಡಕ್ಕೊಂದು ಬಲಕ್ಕೊಂದು, ಬಲ್ಬಿನ ಮತ್ತೊಂದು ಕಾಲು ಅರ್ಥ್‌ಗೆ.

ಹಾರ್ನೆಸ್ ಅಳೆಯುವಾಗ ಹ್ಯಾಂಡಲ್ ಅನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಸಡಿಲ ಬಿಡಿ. ಬಾಬರ್‌ನ ಸ್ಪ್ರಿಂಗ್ ಸೀಟಿನ ಮೇಲೆ ಒಬ್ಬರನ್ನು ಕೂರಿಸಿ, ಸ್ಪ್ರಿಂಗ್ ಕೆಳಗೆ ವೈರು ಸಿಗುತ್ತದಾ ನೋಡಿ. ಹಿಂದಿನ ಮಡ್‌ಗಾರ್ಡಿನ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕಡ್ಡಾಯ. ಗೋಂದಿನ ಟೇಪ್ ಬದಲು ಬಟ್ಟೆ ಟೇಪ್ ಅಥವಾ ಸ್ಲೀವ್.

ಮೊದಲ ಸಲ ಕರೆಂಟ್ ಕೊಡುವಾಗ ಮೇನ್ ಫ್ಯೂಸ್ ಜಾಗದಲ್ಲಿ 21 ವ್ಯಾಟಿನ ಬ್ರೇಕ್ ಬಲ್ಬ್ ಸಿಕ್ಕಿಸಿ. ಕೀ ಆಫ್ ಇದ್ದಾಗ ಬಲ್ಬ್ ಉರಿಯಬಾರದು. ಜಗ್ಗನೆ ಉರಿದರೆ ಕೀಗೂ ಮುಂಚೆಯೇ ಶಾರ್ಟ್. ಕೀ ಆನ್ ಮಾಡಿ ಬೇರೆಲ್ಲ ಆಫ್ ಇಟ್ಟಾಗ ಪಾಯಿಂಟ್ಸ್ ಮುಚ್ಚಿದ್ದರೆ ಮಂದವಾಗಿ ಹೊಳೆಯಬೇಕು, ಕಿಕ್ಕರ್ ಮೆಲ್ಲಗೆ ಒತ್ತಿ ಪಾಯಿಂಟ್ಸ್ ತೆರೆದೊಡನೆ ಆರಬೇಕು. ಆಗ ಫ್ಯೂಸ್ ಹಾಕಿ. ಇಂಜಿನ್ ಓಡದೆ ಕೀ ಆನ್ ಬಿಟ್ಟು ಹೋಗಬೇಡಿ, ಪಾಯಿಂಟ್ಸ್ ಮುಚ್ಚಿದ್ದರೆ ಕಾಯಿಲ್ ಬೇಯುತ್ತದೆ.

ಹೆಡ್‌ಲೈಟ್ ಹಚ್ಚಿ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲೈಟಿನ ಅರ್ಥ್‌ಗೆ. 0.2 ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ಬಣ್ಣವೋ ಸಡಿಲ ಕ್ರಿಂಪೋ ಇದೆ. ತುಂಬಿದ ಬ್ಯಾಟರಿ ನಿಂತಾಗ 12.6ರ ಮೇಲೆ, ಇಂಜಿನ್ ರೇಸ್ ಮಾಡಿದಾಗ 13.8ರಿಂದ 14.5ರ ನಡುವೆ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಬದಲಿಸಿ. 13ಕ್ಕೆ ಏರದಿದ್ದರೆ ಅದರ ಅರ್ಥ್ ಮೊದಲು ನೋಡಿ. ಆಮೇಲೆ ದಾವಣಗೆರೆಯಿಂದ ಚಿತ್ರದುರ್ಗದವರೆಗೆ ಒಮ್ಮೆ ಹೋಗಿ ಬನ್ನಿ, ಸುಮಾರು 120 ಕಿಲೋಮೀಟರ್ ಆಗುತ್ತದೆ. ಬಂದು ಬ್ಯಾಟರಿ ಟರ್ಮಿನಲ್, ಅರ್ಥ್ ಬೋಲ್ಟ್, ಕಾಯಿಲ್‌ನ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ, ಸರ್ಕ್ಯೂಟ್ ನಕ್ಷೆಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಹೆಚ್ಚುವರಿ ಫ್ಯೂಸಿನ ಜೊತೆ ಟೂಲ್ ಬಾಕ್ಸಿಗೆ ಹಾಕಿಡಿ.