ಹೊಟ್ಟೆಯೊಳಗೆ ರಕ್ತ ಸೋರಿದರೆ ಅಂಟು ಹಾಕುವುದು ಹೀಗೆ

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ ‘ಉಷ್ಣ ಆಗಿದೆ’ ಅಂತ ಮಜ್ಜಿಗೆ ಕುಡಿಸಿ ಸುಮ್ನೆ ಕೂರಬೇಡಿ. ಕಲಬುರಗಿ ಬಿಸಿಲಲ್ಲಿ ಎಲ್ಲದಕ್ಕೂ ಉಷ್ಣವೇ ಕಾರಣ ಅನ್ನಿಸುತ್ತದೆ, ನಿಜ. ಆದರೆ ಲಿವರ್ ಕೆಟ್ಟವರಲ್ಲಿ ಇದು ಒಳಗೆ ರಕ್ತ ಸೋರುತ್ತಿರುವ ಗುರುತು. ರಕ್ತ ವಾಂತಿಯಾದರಂತೂ ತಕ್ಷಣ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರೂ ಬೇಡ.

ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಕೊಬ್ಬು ಯಾವುದರಿಂದಲೇ ಲಿವರ್ ಗಟ್ಟಿಯಾಗಲಿ, ಕರುಳಿನಿಂದ ಬರುವ ರಕ್ತಕ್ಕೆ ದಾರಿ ಕಟ್ಟುತ್ತದೆ. ಅದು ಅಕ್ಕಪಕ್ಕದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅನ್ನನಾಳ, ಜಠರದ ಗೋಡೆಯಲ್ಲಿ ಅವು ಉಬ್ಬಿ ಒಡೆಯುತ್ತವೆ. ಒಂದು ತೊಟ್ಟೂ ಕುಡಿಯದವರಿಗೂ ಹೀಗಾಗಬಹುದು.

ಆಸ್ಪತ್ರೆಯಲ್ಲಿ ಮೊದಲು ಸಲೈನ್, ನಾಳದ ಒತ್ತಡ ಇಳಿಸುವ ಇಂಜೆಕ್ಷನ್, ಆಂಟಿಬಯೋಟಿಕ್. ‘ಇನ್ನೆರಡು ಬಾಟಲಿ ರಕ್ತ ಹಾಕ್ರಿ’ ಅಂತ ಮನೆಯವರು ಪಟ್ಟು ಹಿಡಿಯುವುದುಂಟು. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7-8 ಇದ್ದರೆ ಸಾಕು. ಜಾಸ್ತಿ ಹಾಕಿದರೆ ಒತ್ತಡ ಏರಿ ಮತ್ತೆ ಸೋರಬಹುದು.

ರೋಗಿ ಸ್ವಲ್ಪ ಸುಧಾರಿಸಿದ ಮೇಲೆ, ಸಾಧ್ಯವಾದಷ್ಟೂ 12 ಗಂಟೆಯೊಳಗೆ, ಎಂಡೋಸ್ಕೋಪಿ. ಹೊಟ್ಟೆ ಕೊಯ್ಯುವುದಿಲ್ಲ. ಎಡಮಗ್ಗುಲಿಗೆ ಮಲಗಿಸಿ ಕ್ಯಾಮೆರಾ ಇರುವ ಪೈಪನ್ನು ಬಾಯಿಂದ ಇಳಿಸುತ್ತಾರೆ. ಅನ್ನನಾಳದ ಉಬ್ಬಾದರೆ ಅದನ್ನು ಒಳಗೆಳೆದು ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಜಠರದ ಮೇಲ್ಭಾಗದ ನಾಳಗಳು ದಪ್ಪ, ಅಲ್ಲಿ ಬ್ಯಾಂಡ್ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಸಯನೋಅಕ್ರಿಲೇಟ್ ಅಂಟು. ಮನೆಯ ಫೆವಿಕ್ವಿಕ್‌ಗೆ ದಾಯಾದಿ ಅನ್ನಿ, ಆದರೆ ಇದು ಔಷಧಕ್ಕೆಂದೇ ಮಾಡಿದ್ದು. ರಕ್ತ ತಾಗಿದ ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಡಾಕ್ಟರ್ ಮತ್ತು ನರ್ಸ್ ಲೆಕ್ಕ ಹಾಕಿ ಕೆಲಸ ಮಾಡಬೇಕು: ಸೂಜಿ ಚುಚ್ಚು, ಅಂಟು ತಳ್ಳು, ಹಿಂದೆಯೇ ಶುದ್ಧ ನೀರು ತಳ್ಳು, ಸೂಜಿ ಎಳೆ. ತಡವಾದರೆ ಸೂಜಿಯೇ ಅಂಟಿಕೊಳ್ಳುತ್ತದೆ! ಆಮೇಲೆ ನಾಳವನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಇನ್ನೊಂದು ಡೋಸ್. ಅಪರೂಪಕ್ಕೆ ಅಂಟಿನ ಚೂರು ಶ್ವಾಸಕೋಶಕ್ಕೆ ಹೋಗುವುದುಂಟು. ಉಸಿರು ಕಟ್ಟಿದಂತಾದರೆ ಕೂಡಲೇ ಹೇಳಿ.

ಮನೆಗೆ ಬಂದ ಮೇಲೆ ಕೆಲವು ದಿನ ಖಡಕ್ ರೊಟ್ಟಿ ಮುಟ್ಟಬೇಡಿ. ಗಂಜಿ, ಮೆತ್ತನೆ ಅನ್ನ ಸಾಕು. ಮಂಡಿನೋವಿಗೆ ಮೆಡಿಕಲ್‌ನಿಂದ ತರುವ ಡೈಕ್ಲೋಫಿನಾಕ್ ಬೇಡವೇ ಬೇಡ.

ಕೆಲವು ವಾರಕ್ಕೆ ಮತ್ತೆ ಬರಲು ಹೇಳುತ್ತಾರೆ. ‘ಈಗ ಆರಾಮ ಅದ, ಬಿಡ್ರಿ’ ಅಂತ ಚಿಂಚೋಳಿ, ಜೇವರ್ಗಿ ಕಡೆಯವರು ಬಸ್ಸೇ ಹತ್ತುವುದಿಲ್ಲ. ಹೀಗೆ ತಪ್ಪಿಸಿಕೊಂಡರೆ ಉಳಿದ ನಾಳ ಒಡೆಯಬಹುದು, ಅಲ್ವಾ? ಬರುವಾಗ ಹಳೇ ರಿಪೋರ್ಟ್ ತನ್ನಿ. ಎಲ್ಲಿ, ಎಷ್ಟು ಅಂಟು ಹಾಕಿದ್ದರೆಂಬುದು ಅದರಲ್ಲಿರುತ್ತದೆ.