ವಿಮಾನ, ಹೋಟೆಲ್ ಹೆಸರಿನ ಕ್ರೆಡಿಟ್ ಕಾರ್ಡ್: ತಗೊಳ್ಳುವ ಮುಂಚೆ ಹೀಗೆ ಲೆಕ್ಕ ಹಾಕಿ

ಮೇ ತಿಂಗಳ ಮದುವೆಗಳು, ಮನೆಯ ಕೋಲ, ಚೌತಿ, ವಯಸ್ಸಾದ ಅಪ್ಪ ಅಮ್ಮನ ಆಸ್ಪತ್ರೆ ಓಡಾಟ. ಮುಂಬಯಿ, ಪುಣೆಯ ಕನ್ನಡಿಗರಿಗೆ ಊರಿಗೆ ಹೋಗಲು ವರ್ಷವಿಡೀ ಒಂದಲ್ಲ ಒಂದು ಕಾರಣ ಇದ್ದೇ ಇರುತ್ತದೆ. ಮೊದಲೆಲ್ಲ ಮತ್ಸ್ಯಗಂಧ ರೈಲು, ಅದು ಸಿಗದಿದ್ದರೆ ರಾತ್ರಿ ಬಸ್ಸು. ಈಗ ಎಷ್ಟೋ ಮನೆಗಳಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿಗೆ ವಿಮಾನವೇ ರೂಢಿಯಾಗಿದೆ. ಪದೇ ಪದೇ ಒಂದೇ ಕಂಪನಿಯ ವಿಮಾನ ಹತ್ತುವವರಿಗೆ, ಒಂದೇ ಬಳಗದ ಹೋಟೆಲಿನಲ್ಲಿ ಉಳಿಯುವವರಿಗೆ ಬ್ಯಾಂಕುಗಳು ಒಂದು ಕಾರ್ಡು ಮಾಡಿಟ್ಟಿವೆ. ಕಾರ್ಡಿನ ಮೇಲೆ ಬ್ಯಾಂಕಿನ ಹೆಸರೂ ಇರುತ್ತದೆ, ವಿಮಾನ ಕಂಪನಿಯ ಅಥವಾ ಹೋಟೆಲಿನ ಹೆಸರೂ ಇರುತ್ತದೆ. ಇದೇ ಕೋ-ಬ್ರ್ಯಾಂಡೆಡ್ ಕಾರ್ಡ್. ಇದರಲ್ಲಿ ಖರ್ಚು ಮಾಡಿದಂತೆ ಪಾಯಿಂಟು ಸೇರುತ್ತದೆ, ಅದನ್ನು ಆ ಕಂಪನಿಯ ಟಿಕೆಟ್‌ಗೋ ಹೋಟೆಲಿನ ಕೋಣೆಗೋ ಬಳಸಬಹುದು.

ಕೆಲವು ಮನೆಗಳಿಗೆ ಇದು ನಿಜಕ್ಕೂ ಲಾಭ. ಇನ್ನು ಕೆಲವರು ವರ್ಷಕ್ಕೆ ಮೂರು ನಾಲ್ಕು ಸಾವಿರ ಫೀ ಕಟ್ಟಿ ಸುಮ್ನೆ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿಮ್ಮದು ಯಾವ ಗುಂಪು ಎಂದು ತಿಳಿಯಲು ಒಂದು ಭಾನುವಾರ ಮಧ್ಯಾಹ್ನ, ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಬಿಲ್ಲಿನ ಮಾತು

ಪ್ರತಿ ತಿಂಗಳು ಬಿಲ್ಲು ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ಇಂಥ ಕಾರ್ಡು ಬೇಡವೇ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಾಕಿ ಉಳಿಸಿದ ಹಣಕ್ಕೆ ತಿಂಗಳಿಗೆ ಶೇ 3.5ರ ಆಸುಪಾಸಿನಲ್ಲಿ ಬಡ್ಡಿ ಬೀಳುತ್ತದೆ. ಅಂದರೆ ವರ್ಷಕ್ಕೆ ಶೇ 42. 50,000 ರೂಪಾಯಿ ಒಂದು ತಿಂಗಳು ಹಿಂದೆ ಬಿದ್ದರೆ ಬಡ್ಡಿ 1,750, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 2,065 ರೂಪಾಯಿ. ಅದೇ 50,000ಕ್ಕೆ ಶೇ 1.5ರಷ್ಟು ಲಾಭ ಸಿಕ್ಕರೂ ಕೈಗೆ ಬರುವುದು 750 ಮಾತ್ರ. ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತ, ಅಂದರೆ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ ಅಷ್ಟೇ, ಬಡ್ಡಿ ತಪ್ಪುವುದಿಲ್ಲ. ಬಡ್ಡಿಗೆ ಶೇ 30ರ ಮಿತಿ ಹಾಕಿದ್ದ ಗ್ರಾಹಕ ಆಯೋಗದ ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿದೆ. ಹಾಗಾಗಿ ಆ ಕಡೆಯಿಂದ ರಕ್ಷಣೆ ಇದೆ ಎಂದು ನಂಬಿಕೊಳ್ಳಬೇಡಿ.

ಪೂರ್ತಿ ಕಟ್ಟುವವರು ಮುಂದೆ ಓದಿ.

ಹೋದ ವರ್ಷದ ಓಡಾಟ ಬರೆದಿಡಿ

ಮುಂದಿನ ವರ್ಷ ಗೋವಾಕ್ಕೆ ಹೋಗಬೇಕು, ದುಬೈಗೆ ಹೋಗಬೇಕು ಎನ್ನುವ ಆಸೆಗಳನ್ನು ಈ ಹಾಳೆಗೆ ಸೇರಿಸಬೇಡಿ. ಹೋದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಹೋದದ್ದು ಮಾತ್ರ ಬರೆಯಿರಿ. ಮೇಲ್ ತೆರೆದು ‘ಪಿಎನ್‌ಆರ್’ ಎಂದು ಹುಡುಕಿದರೆ ಟಿಕೆಟ್‌ಗಳೆಲ್ಲ ಸಿಗುತ್ತವೆ. ಪ್ರತಿಯೊಂದರ ಮುಂದೆ ಯಾವ ಊರಿಗೆ, ಯಾವ ಕಂಪನಿ, ಎಷ್ಟು ಹಣ, ಕೊಟ್ಟವರು ಯಾರು ಎಂದು ಗುರುತು ಹಾಕಿ.

ಕೊನೆಯದು ಮುಖ್ಯ. ಹಿಂಜವಾಡಿಯ ಐಟಿ ಕಂಪನಿಗಳಲ್ಲಿರುವ ನಮ್ಮ ಹುಡುಗರು ತಿಂಗಳಿಗೆರಡು ಸಲ ಬೆಂಗಳೂರಿಗೆ ಹಾರುತ್ತಾರೆ ಎಂದಿಟ್ಟುಕೊಳ್ಳಿ. ಟಿಕೆಟ್ ತೆಗೆಯುವುದು ಕಂಪನಿ, ಕೊಡುವುದು ಕಂಪನಿಯ ಕಾರ್ಡಿನಲ್ಲಿ. ಹಾರಿದ್ದಕ್ಕೆ ಸಿಗುವ ಪಾಯಿಂಟು, ವಿಮಾನ ಕಂಪನಿಯ ಸದಸ್ಯತ್ವ ಸಂಖ್ಯೆ ಕೊಟ್ಟರೆ, ಹೇಗೂ ನಿಮಗೇ ಬರುತ್ತದೆ. ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಕಿಲ್ಲ. ಕಾರ್ಡಿನ ಪಾಯಿಂಟು ಬರುವುದು ನಿಮ್ಮ ಕಾರ್ಡ್ ಉಜ್ಜಿದಾಗ ಮಾತ್ರ. ಆದ್ದರಿಂದ ಕಂಪನಿ ಖರ್ಚಿನ ಟಿಕೆಟ್‌ಗಳ ಮೇಲೆ ಅಡ್ಡಗೆರೆ ಎಳೆಯಿರಿ. ಹೋಟೆಲ್ ಉದ್ಯಮದಲ್ಲಿರುವವರಿಗೂ ಒಂದು ಮಾತು: ವ್ಯಾಪಾರದ ಸಾಮಾನು ಖರೀದಿಯನ್ನೆಲ್ಲ ಸ್ವಂತದ ಕಾರ್ಡಿನಲ್ಲಿ ಹಾಕಿ ಪಾಯಿಂಟು ಸೇರಿಸುವ ಯೋಚನೆ ಬೇಡ. ವಾಣಿಜ್ಯ ಬಳಕೆ ಕಂಡರೆ ಪಾಯಿಂಟು ತಡೆಹಿಡಿಯುವ ಹಕ್ಕನ್ನು ಬ್ಯಾಂಕುಗಳು ಷರತ್ತಿನಲ್ಲೇ ಬರೆದುಕೊಂಡಿರುತ್ತವೆ.

ಈಗ ಹಾಳೆ ನೋಡಿ. ಯಾವ ಕಂಪನಿಯ ಹೆಸರು ಜಾಸ್ತಿ ಇದೆ? ಅದು ಜಾಸ್ತಿ ಇರುವುದು ನಿಮಗೆ ಇಷ್ಟ ಅಂತಲೋ, ಆ ಸಮಯಕ್ಕೆ ಅದೊಂದೇ ವಿಮಾನ ಇತ್ತು ಅಂತಲೋ? ಬಹಳಷ್ಟು ಸಲ ಎರಡನೆಯದೇ ನಿಜ. ನಮ್ಮ ನಿಷ್ಠೆಯನ್ನು ತೀರ್ಮಾನಿಸುವುದು ಮಾರ್ಗ ಮತ್ತು ವೇಳಾಪಟ್ಟಿ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡೂ ಟಾಟಾ ಗುಂಪಿನವೇ ಆದರೂ ಎರಡು ಬೇರೆ ಕಂಪನಿಗಳು. ಒಂದರ ಟಿಕೆಟ್‌ಗೆ ಕಾರ್ಡಿನಲ್ಲಿ ಸಿಗುವ ಹೆಚ್ಚುವರಿ ಪಾಯಿಂಟು ಇನ್ನೊಂದಕ್ಕೂ ಸಿಗುತ್ತದೆ ಎಂದು ಅಂದುಕೊಳ್ಳಬೇಡಿ. ಮಂಗಳೂರಿಗೆ ಹೋಗುವವರು ಇದನ್ನು ಕೇಳಿಯೇ ಮುಂದುವರಿಯಬೇಕು.

ವಿಮಾನ ನಿಲ್ದಾಣದ ದೂರವೂ ಲೆಕ್ಕಕ್ಕೆ ಬರುತ್ತದೆ. ನವಿ ಮುಂಬಯಿ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ವಿಮಾನ ಸಂಚಾರ ಶುರುವಾಯಿತು. ವಾಶಿ, ಪನ್ವೆಲ್ ಕಡೆಯವರು ಇನ್ನು ಅಲ್ಲಿಂದ ಯಾರ ವಿಮಾನ ಇದೆ ಎಂದು ನೋಡುತ್ತಾರೆ. ಬೋರಿವಲಿಯವರಿಗೆ ಆ ಪ್ರಶ್ನೆಯೇ ಇಲ್ಲ. ಗೋವಾದಲ್ಲಿ 2023ರ ಜನವರಿಯಿಂದ ಮೋಪಾ ನಿಲ್ದಾಣವೂ ಇದೆ. ವಾಸ್ಕೋದ ಕನ್ನಡಿಗರಿಗೆ ಹಳೆಯ ದಾಬೋಳಿ ನಿಲ್ದಾಣ ಪಕ್ಕದಲ್ಲೇ, ಮೋಪಾ ಇರುವುದು ಗೋವಾದ ಉತ್ತರದ ತುದಿಯಲ್ಲಿ. ಟ್ಯಾಕ್ಸಿಗೇ ಅಷ್ಟು ಹಣ ಹೋದಮೇಲೆ ಪಾಯಿಂಟು ಕಟ್ಟಿಕೊಂಡು ಏನು ಮಾಡುವುದು?

ಪಾಯಿಂಟಿಗೆ ರೂಪಾಯಿ ಬೆಲೆ ಕಟ್ಟಿ

‘10,000 ಪಾಯಿಂಟ್ ಉಚಿತ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಒಂದು ಪಾಯಿಂಟು ಎಷ್ಟು ಪೈಸೆ? ಅದನ್ನು ನೀವೇ ಕಂಡುಹಿಡಿಯಬಹುದು. ವಿಮಾನ ಕಂಪನಿಯ ಆ್ಯಪ್ ತೆರೆಯಿರಿ. ನೀವು ನಿಜವಾಗಿ ಹೋಗುವ ದಿನ, ನಿಜವಾಗಿ ಹೋಗುವ ಊರು ಹಾಕಿ. ಹಣದಲ್ಲಿ ಎಷ್ಟು, ಪಾಯಿಂಟಿನಲ್ಲಿ ಎಷ್ಟು ಎಂದು ಎರಡೂ ನೋಡಿ. ಹಣದಲ್ಲಿ ಟಿಕೆಟ್ 4,500, ಪಾಯಿಂಟಿನಲ್ಲಾದರೆ 6,000 ಪಾಯಿಂಟು ಮತ್ತು 1,100 ರೂಪಾಯಿ ತೆರಿಗೆ ಎಂದು ತೋರಿಸಿತು ಅಂತ ಇಟ್ಟುಕೊಳ್ಳೋಣ. ಪಾಯಿಂಟಿನ ಟಿಕೆಟ್‌ಗೂ ತೆರಿಗೆ, ನಿಲ್ದಾಣದ ಶುಲ್ಕ ಕೈಯಿಂದಲೇ ಕೊಡಬೇಕು, ಇದು ಹಲವರಿಗೆ ಗೊತ್ತಿರುವುದಿಲ್ಲ. 4,500ರಲ್ಲಿ 1,100 ಕಳೆದರೆ 3,400. ಅದನ್ನು 6,000ದಿಂದ ಭಾಗಿಸಿ. ಪಾಯಿಂಟಿಗೆ ಸುಮಾರು 57 ಪೈಸೆ. ಮೇ ತಿಂಗಳಿಗೊಮ್ಮೆ, ಮಳೆಗಾಲಕ್ಕೊಮ್ಮೆ ಹೀಗೆ ನೋಡಿ ಕಡಿಮೆ ಬಂದದ್ದನ್ನೇ ಇಟ್ಟುಕೊಳ್ಳಿ.

ಈಗ ಒಂದು ಕಾರ್ಡನ್ನು ಪೂರ್ತಿಯಾಗಿ ತೂಗಿ ನೋಡೋಣ. ಮ್ಯಾರಿಯಟ್ ಹೋಟೆಲ್ ಬಳಗದ ಹೆಸರಿನ ಮ್ಯಾರಿಯಟ್ ಬಾನ್‌ವಾಯ್ ಎಚ್‌ಡಿಎಫ್‌ಸಿ ಬ್ಯಾಂಕ್ ಕಾರ್ಡ್ 2023ರ ಆಗಸ್ಟಿನಲ್ಲಿ ಬಂದಾಗ ವಾರ್ಷಿಕ ಫೀ 3,000 ರೂಪಾಯಿ. ಜಿಎಸ್‌ಟಿ ಸೇರಿ 3,540. ಅದಕ್ಕೆ ವರ್ಷಕ್ಕೊಂದು ಉಚಿತ ರಾತ್ರಿ, 15,000 ಪಾಯಿಂಟಿನ ಬೆಲೆಯೊಳಗಿನ ಕೋಣೆಗೆ. ಸಾಮಾನ್ಯ ಖರ್ಚಿಗೆ 150 ರೂಪಾಯಿಗೆ 2 ಪಾಯಿಂಟು. ಪ್ರಯಾಣ, ಹೋಟೆಲ್ ಊಟಕ್ಕೆ ಜಾಸ್ತಿ ಸಿಗುತ್ತದೆ, ಆದರೆ ಲೆಕ್ಕಕ್ಕೆ ಕಡಿಮೆಯದನ್ನೇ ಹಿಡಿಯೋಣ.

ವರ್ಷಕ್ಕೆ 3 ಲಕ್ಷ ಖರ್ಚು ಮಾಡುವ ಒಂದು ಮನೆ. 4,000 ಪಾಯಿಂಟು ಬರುತ್ತದೆ. ಪಾಯಿಂಟಿಗೆ 60 ಪೈಸೆ ಹಿಡಿದರೆ 2,400 ರೂಪಾಯಿ. ಉಚಿತ ರಾತ್ರಿಯ ಕೋಣೆ ಹಣದಲ್ಲಿ 9,000 ಎಂದುಕೊಳ್ಳಿ. ಎರಡೂ ಕೂಡಿಸಿ ಫೀ ಕಳೆದರೆ 7,860 ರೂಪಾಯಿ ಲಾಭ. ಶೇ 1.5 ಕ್ಯಾಶ್‌ಬ್ಯಾಕ್ ಕೊಡುವ, ಫೀ ಇಲ್ಲದ ಸಾದಾ ಕಾರ್ಡಿನಲ್ಲಿ ಇದೇ ಖರ್ಚಿಗೆ 4,500 ಸಿಗುತ್ತಿತ್ತು. ಹೋಟೆಲ್ ಕಾರ್ಡ್ ಗೆದ್ದಿತು, ಅಲ್ವಾ?

ಸ್ವಲ್ಪ ತಾಳಿ. ಆ 9,000ದ ಕೋಣೆಗೆ ನೀವು ಕೈಯಿಂದ ಹಣ ಕೊಟ್ಟು ಹೋಗುತ್ತಿದ್ದಿರಾ? ಗೋವಾಕ್ಕೆ ಹೋದಾಗ ಸಾಮಾನ್ಯವಾಗಿ 5,000ದ ಕೋಣೆ ಹಿಡಿಯುವವರಾದರೆ ನಿಮಗೆ ಉಳಿತಾಯವಾದದ್ದು 5,000 ಮಾತ್ರ. ಆಗ ಲಾಭ 3,860ಕ್ಕೆ ಇಳಿಯಿತು. ಸಾದಾ ಕಾರ್ಡೇ ಮುಂದಾಯಿತು. ಮಕ್ಕಳ ಪರೀಕ್ಷೆ, ರಜೆ ಸಿಗಲಿಲ್ಲ ಎಂದು ಆ ರಾತ್ರಿಯನ್ನು ಬಳಸದೇ ಬಿಟ್ಟರೆ 1,140 ರೂಪಾಯಿ ನಷ್ಟ. ಉಚಿತ ರಾತ್ರಿಗೆ ಆಯಸ್ಸು ಒಂದೇ ವರ್ಷ. ಕಾರ್ಡು ಒಂದೇ, ಖರ್ಚು ಒಂದೇ. ಆ ಒಂದು ರಾತ್ರಿಯ ಬಳಕೆಯ ಮೇಲೆ ಫಲಿತಾಂಶವೆಲ್ಲ ತಿರುಗಿಬಿಡುತ್ತದೆ.

ಇನ್ನೊಂದು ವಿಷಯ. ಈ ಬಳಗದಲ್ಲಿ ಕೋಣೆಯ ಪಾಯಿಂಟ್ ಬೆಲೆ ದಿನಕ್ಕೊಂದು ಥರ ಇರುತ್ತದೆ. ಜುಲೈ ಮಳೆಯಲ್ಲಿ 15,000ದೊಳಗೆ ಸಿಗುವ ಕೋಣೆ ಕ್ರಿಸ್‌ಮಸ್ ವಾರದಲ್ಲಿ ಸಿಗುತ್ತದೆ ಎಂಬ ಭರವಸೆ ಇಲ್ಲ. ಮಿರಾಮಾರ್‌ನ ಗೋವಾ ಮ್ಯಾರಿಯಟ್, ವಾಗಾತೋರ್‌ನ ಡಬ್ಲ್ಯೂ, ಪುಣೆ ಸೇನಾಪತಿ ಬಾಪಟ್ ರಸ್ತೆಯ ಜೆಡಬ್ಲ್ಯೂ, ಜುಹೂ ಜೆಡಬ್ಲ್ಯೂ, ಈ ಬಳಗದ ಇಂಥ ಹೋಟೆಲುಗಳಲ್ಲಿ ನಿಮಗೆ ಬೇಕಾದ ದಿನ ಎಷ್ಟು ಪಾಯಿಂಟು ಕೇಳುತ್ತಾರೆ ಎಂದು ಅರ್ಜಿ ಹಾಕುವ ಮುಂಚೆಯೇ ನೋಡಿಕೊಳ್ಳಿ. ಸದಸ್ಯತ್ವ ಉಚಿತ, ನೋಡಲು ಕಾರ್ಡ್ ಬೇಕಿಲ್ಲ.

ಸಣ್ಣ ಅಕ್ಷರಗಳಲ್ಲಿ ಹುಡುಕಬೇಕಾದದ್ದು

ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ, ಇಎಂಐ, ಸರ್ಕಾರಿ ಪಾವತಿ: ಇವಕ್ಕೆ ಬಹುತೇಕ ಕಾರ್ಡುಗಳಲ್ಲಿ ಪಾಯಿಂಟು ಇಲ್ಲ. ಮುಂಬಯಿ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿದ್ದರೆ ಈಗಲೇ ತೆಗೆಯಿರಿ. ಕರೆಂಟ್ ಬಿಲ್ಲು, ವಿಮೆಗೆ ಮಿತಿ ಇರಬಹುದು.

ಕಾರ್ಡ್ ತೋರಿಸಿ ವಿಮಾನ ನಿಲ್ದಾಣದಲ್ಲಿ ಕೂತು ತಿನ್ನುವ ಕೋಣೆ, ಅಂದರೆ ಲೌಂಜಿನ ಬಗ್ಗೆ ಬಹಳ ಜನ ಮೊದಲು ಕೇಳುತ್ತಾರೆ. ನನಗೆ ಅದು ಕೊನೆಯ ವಿಷಯ. ಕಳೆದ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುವ ನಿಯಮ ಈಗ ಹಲವು ಬ್ಯಾಂಕುಗಳಲ್ಲಿದೆ. ನಿಲ್ದಾಣದಲ್ಲಿ ಇಡ್ಲಿ ಕಾಫಿಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟೇ ಅದರ ಬೆಲೆ ಎಂದು ಬರೆದುಕೊಳ್ಳಿ.

ವಿದೇಶದ ಖರ್ಚಿಗೆ ಶೇ 3.5 ಮಾರ್ಕಪ್, ಅಂದರೆ ಬ್ಯಾಂಕಿನ ಹೆಚ್ಚುವರಿ ಶುಲ್ಕ, ಸಾಮಾನ್ಯ. ಜಿಎಸ್‌ಟಿ ಸೇರಿ ಶೇ 4.13. ದುಬೈಯಲ್ಲಿರುವ ಮಗಳ ಮನೆಗೆ ಹೋಗಿ ಒಂದು ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಅದಕ್ಕೇ ಹೋಯಿತು. ಯಾವ ಪಾಯಿಂಟೂ ಇದನ್ನು ತುಂಬಿಕೊಡುವುದು ಕಷ್ಟ. ಅಂಥ ಪ್ರಯಾಣಕ್ಕೆ ಮಾರ್ಕಪ್ ಕಡಿಮೆ ಇರುವ ಬೇರೆ ಕಾರ್ಡು ಒಯ್ಯಿರಿ.

ಹೋಟೆಲ್ ಬುಕ್ಕಿಂಗ್ ಆ್ಯಪ್‌ಗಳಲ್ಲಿ ರಿಯಾಯಿತಿ ನೋಡಿ ಕೋಣೆ ಹಿಡಿಯುವವರಿಗೆ ಹೋಟೆಲ್ ಕಾರ್ಡ್ ಒಗ್ಗುವುದಿಲ್ಲ. ಹೊರಗಿನ ಆ್ಯಪ್‌ನಲ್ಲಿ ಹಿಡಿದ ಕೋಣೆಗೆ ಬಳಗದ ಪಾಯಿಂಟು, ಸದಸ್ಯರ ಸವಲತ್ತು ಸಾಮಾನ್ಯವಾಗಿ ಸಿಗುವುದಿಲ್ಲ. ಅದೇ ಆಫೀಸಿನ ಕೆಲಸಕ್ಕೆ ತಿಂಗಳಲ್ಲಿ ಕೆಲವು ರಾತ್ರಿ ಹೋಟೆಲಿನಲ್ಲೇ ಕಳೆಯುವವರಿಗೆ ಕಥೆ ಬೇರೆ. ವರ್ಷದಲ್ಲಿ ಎಷ್ಟು ರಾತ್ರಿ ಉಳಿದಿರಿ ಎಂಬುದರ ಮೇಲೆ ಮ್ಯಾರಿಯಟ್ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಸದಸ್ಯರಿಗೆ ದರ್ಜೆ ಕೊಡುತ್ತದೆ. ಮೇಲೆ ಹೇಳಿದ ಕಾರ್ಡ್ ಸಿಲ್ವರ್ ಸದಸ್ಯತ್ವದ ಜೊತೆ ವರ್ಷಕ್ಕೆ 10 ರಾತ್ರಿಗಳನ್ನು ಆ ಲೆಕ್ಕಕ್ಕೆ ಜಮೆ ಮಾಡುತ್ತದೆ. ಗೋಲ್ಡ್‌ಗೆ 25 ರಾತ್ರಿ, ಪ್ಲಾಟಿನಂಗೆ 50 ಬೇಕು. ಸಿಲ್ವರ್ ಒಂದರಿಂದ ಏನೂ ಹೇಳಿಕೊಳ್ಳುವಂಥ ಲಾಭ ಇಲ್ಲ. ಆದರೆ ಈಗಾಗಲೇ 15 ರಾತ್ರಿ ಉಳಿಯುವವರನ್ನು ಆ ಹತ್ತು ರಾತ್ರಿ ಗೋಲ್ಡ್‌ಗೆ ಮುಟ್ಟಿಸುತ್ತದೆ.

ಕಂಪನಿಯೇ ಬದಲಾದರೆ?

ಇದು ಹೆದರಿಸುವ ಮಾತಲ್ಲ, ನಮ್ಮ ಕಣ್ಣೆದುರೇ ನಡೆದದ್ದು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಮುಂಬಯಿಯದೇ ಕಂಪನಿಯಾದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಅದರ ಮೈಲ್ಸ್ (ಪಾಯಿಂಟ್) ಯೋಜನೆ ಬೇರೆ ಕಂಪನಿಯ ಕೈಯಲ್ಲಿದ್ದದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು, ಆದರೆ ಜೆಟ್ ವಿಮಾನ ಹತ್ತಲು ಕೂಡಿಟ್ಟವರಿಗೆ ವಿಮಾನವೇ ಇರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದರ ಹೆಸರಿನ ಕಾರ್ಡುಗಳನ್ನು ಉಚಿತ ಟಿಕೆಟ್ ವೌಚರ್‌ಗೋಸ್ಕರವೇ ಇಟ್ಟುಕೊಂಡ ಮನೆಗಳು ಮುಂಬಯಿಯಲ್ಲಿ ಎಷ್ಟೋ ಇದ್ದವು.

ಕಂಪನಿ ಗಟ್ಟಿಯಾಗಿದ್ದರೂ ನಿಯಮ ಬದಲಾಗುತ್ತದೆ. ಏರ್ ಇಂಡಿಯಾ ಎಸ್‌ಬಿಐ ಸಿಗ್ನೇಚರ್ ಕಾರ್ಡಿನಲ್ಲಿ ಏರ್ ಇಂಡಿಯಾದಿಂದಲೇ ಟಿಕೆಟ್ ಕೊಂಡರೆ 100 ರೂಪಾಯಿಗೆ 30 ಪಾಯಿಂಟು ಬರುತ್ತಿತ್ತು. 2025ರ ಮಾರ್ಚ್ 31ರಿಂದ ಅದು 10 ಆಯಿತು. ಪ್ಲಾಟಿನಂ ಕಾರ್ಡಿನಲ್ಲಿ 15 ಇದ್ದದ್ದು 5ಕ್ಕೆ ಇಳಿಯಿತು. ಅಂದರೆ 10,000ದ ಟಿಕೆಟ್‌ಗೆ 3,000 ಪಾಯಿಂಟು ಸಿಗುತ್ತಿದ್ದವರಿಗೆ ಈಗ 1,000. ಹಳೆಯ ಲೇಖನ, ಹಳೆಯ ವಿಡಿಯೊ ನೋಡಿ ಕಾರ್ಡ್ ಆರಿಸುವವರು ಎಡವುವುದು ಇಲ್ಲೇ. ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಇವತ್ತಿನ ಷರತ್ತುಗಳನ್ನೇ ಓದಿ.

ಹಾಗಾಗಿ ಪಾಯಿಂಟನ್ನು ಬಂಗಾರದ ಥರ ಕೂಡಿಡಬೇಡಿ. ಒಂದು ಟಿಕೆಟ್‌ಗೆ ಆಗುವಷ್ಟು ಸೇರಿದ ಕೂಡಲೇ ಬಳಸಿ. ಮ್ಯಾರಿಯಟ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಪಾಯಿಂಟು ಹೋಗಿಬಿಡುತ್ತದೆ.

ತಗೊಳ್ಳುವಾಗ, ಬಿಡುವಾಗ

ಮಾಲ್‌ಗಳಲ್ಲಿ, ನಿಲ್ದಾಣಗಳಲ್ಲಿ ಮೇಜು ಹಾಕಿಕೊಂಡು ನಿಂತವರಿಗೆ ಅಲ್ಲೇ ಸಹಿ ಹಾಕಿ ಕೊಡಬೇಡಿ. ‘ಲೈಫ್‌ಟೈಮ್ ಫ್ರೀ’ ಎಂದರೆ ಅದನ್ನು ಬರಹದಲ್ಲಿ ಕೇಳಿ. ಕೇಳದೆ ಕಾರ್ಡ್ ಕಳಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಕಾರ್ಡ್ ಬಂದು 30 ದಿನವಾದರೂ ನೀವು ಚಾಲೂ ಮಾಡದಿದ್ದರೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ಕೊಡದಿದ್ದರೆ ಯಾವ ಖರ್ಚೂ ಇಲ್ಲದೆ ಮುಚ್ಚಬೇಕು. ಇದೇ ನಿಯಮದ ಪ್ರಕಾರ ಕಾರ್ಡಿನ ಜವಾಬ್ದಾರಿ ಬ್ಯಾಂಕಿನದು, ವಿಮಾನ ಕಂಪನಿಗೆ ನಿಮ್ಮ ಖರ್ಚಿನ ವಿವರ ನೋಡುವ ಅಧಿಕಾರ ಇಲ್ಲ. ಬಿಲ್ಲಿನ ತಕರಾರಿಗೆ ಬ್ಯಾಂಕಿಗೇ ಬರೆಯಿರಿ.

ಫೀ ಬೀಳುವ ತಿಂಗಳು ಯಾವುದು ಎಂದು ಸ್ಟೇಟ್‌ಮೆಂಟಿನಲ್ಲಿ ನೋಡಿ, ಅದಕ್ಕೆ ಒಂದು ತಿಂಗಳು ಮುಂಚೆ ಫೋನಿನಲ್ಲಿ ನೆನಪಿನ ಗುರುತು ಹಾಕಿ. ಆ ದಿನ ಮೇಲಿನ ಲೆಕ್ಕವನ್ನು ಮತ್ತೆ ಮಾಡಿ, ಈ ಸಲ ಅಂದಾಜು ಬಿಟ್ಟು ನಿಜವಾಗಿ ಬಳಸಿದ ಟಿಕೆಟ್, ಹೋಟೆಲಿನಲ್ಲಿ ತಂಗಿದ ರಾತ್ರಿಗಳನ್ನೇ ಹಿಡಿಯಿರಿ. ಮುಚ್ಚುವುದಾದರೆ ಮೊದಲು ಪಾಯಿಂಟು ಎಲ್ಲಿದೆ ನೋಡಿ. ಕೆಲವು ಕಾರ್ಡುಗಳಲ್ಲಿ ಅದು ನೇರವಾಗಿ ಹೋಟೆಲ್ ಖಾತೆಗೆ ಸೇರುತ್ತದೆ. ಕೆಲವದರಲ್ಲಿ ಬ್ಯಾಂಕಿನ ಬಳಿಯೇ ಇರುತ್ತದೆ, ಅದನ್ನು ಮೊದಲು ವಿಮಾನ ಖಾತೆಗೆ ವರ್ಗಾಯಿಸಿಕೊಳ್ಳಬೇಕು. ಆಮೇಲೆ ಬಾಕಿ ಪೂರ್ತಿ ತೀರಿಸಿ, ಮೇಲ್ ಮೂಲಕ ಮುಚ್ಚಲು ಹೇಳಿ, ಆ ಮೇಲ್ ಇಟ್ಟುಕೊಳ್ಳಿ. ಏಳು ಕೆಲಸದ ದಿನಗಳಲ್ಲಿ ಬ್ಯಾಂಕು ಮುಚ್ಚಬೇಕು. ಬಾಕಿ ಏನೂ ಇಲ್ಲದಿದ್ದೂ ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕಾಗುತ್ತದೆ.