ಹಳೆಯ ಪೆಟ್ಟಿಗೆಯ ದುರಸ್ತಿ: ಇಟ್ಟುಕೊಳ್ಳುವುದಕ್ಕೋ, ಮಾರುವುದಕ್ಕೋ?

ಹಿರಿಯರ ಕಾಲದ ಮರದ ಪೆಟ್ಟಿಗೆಯೊಂದು ಕೈಗೆ ಬಂದ ಕೂಡಲೇ ಸ್ಯಾಂಡ್ ಪೇಪರ್ ಹುಡುಕುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಅಜ್ಜ ಬರೆಯಲು ಬಳಸುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ಒಂದೇ ಮಧ್ಯಾಹ್ನದಲ್ಲಿ ಉಜ್ಜಿ ಹೊಸ ಹಲಗೆಯಂತೆ ಮಾಡಿದ್ದೆ. ಸಂಜೆ ಅದನ್ನು ನೋಡಿದ ಅಮ್ಮ, "ಬಲಗಡೆ ಮಸಿಯ ಕಲೆ ಇತ್ತಲ್ಲ, ಅದು ನಾನು ಚಿಕ್ಕವಳಿದ್ದಾಗ ಚೆಲ್ಲಿದ್ದು" ಎಂದಷ್ಟೇ ಹೇಳಿ ಒಳಗೆ ಹೋದರು. ಮುಂದೆ ಬೆಲೆ ತಿಳಿಯಲೆಂದು ತೋರಿಸಿದಾಗ, ಹಳೆಯ ವಸ್ತುಗಳ ವ್ಯಾಪಾರಿಯೂ ಮೂಲ ಪಾಲಿಶ್ ಹೋಗಿದೆಯೆಂದು ತಲೆಯಾಡಿಸಿದರು. ನೆನಪೂ ಹೋಯಿತು, ಬೆಲೆಯೂ ಹೋಯಿತು.

ಆದ್ದರಿಂದ ಮೊದಲ ಹೆಜ್ಜೆ, ವಸ್ತುವನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂದು ತೀರ್ಮಾನಿಸುವುದು. ಇಟ್ಟುಕೊಳ್ಳುವುದಾದರೆ ಯಾವ ಕಲೆ, ಯಾವ ಗೀರು ಯಾರದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮಾರುವುದಾದರೆ ಕೈ ಹಚ್ಚುವ ಮೊದಲೇ, ಕೊಳ್ಳುವ ಆಸೆಯಿಲ್ಲದ ಒಬ್ಬ ಬಲ್ಲವರಿಂದ ಬೆಲೆ ಕಟ್ಟಿಸಬೇಕು. ತಳದಲ್ಲಿ ಅಥವಾ ಖಾನೆಗಳ ಹಿಂಬದಿಯಲ್ಲಿ ತಯಾರಕರ ಚೀಟಿಯೋ ಮುದ್ರೆಯೋ ಇದ್ದರೆ ಅದನ್ನು ಒರೆಸಲೂ ಹೋಗಬಾರದು. ತಯಾರಕರ ಗುರುತಿಲ್ಲದ ಸಾಧಾರಣ ಪೆಟ್ಟಿಗೆಗೆ ನೀವು ಸುರಿಯುವ ದಿನಗಟ್ಟಲೆ ದುಡಿಮೆ ಬೆಲೆಯಾಗಿ ಮರಳುವುದು ಅಪರೂಪ. ಲಾಭವೊಂದೇ ಗುರಿಯಾಗಿದ್ದರೆ ಧೂಳು ಕೊಡವಿ ಹಾಗೆಯೇ ಮಾರುವುದು ಲೇಸು.

ಎಲ್ಲ ಬದಿಗಳ ಚಿತ್ರ ತೆಗೆದುಕೊಳ್ಳಿ. ಬಿಚ್ಚಿದ ತಿರುಪುಗಳನ್ನು ಚೀಟಿ ಅಂಟಿಸಿದ ಲಕೋಟೆಯಲ್ಲಿಡಿ.

ಇನ್ನು ಎಲ್ಲರೂ ಎಡವುವ ಹಂತ, ಪಾಲಿಶ್ ಯಾವುದೆಂದು ಪತ್ತೆಹಚ್ಚಿ ಕೊಳೆಯನ್ನಷ್ಟೇ ತೆಗೆಯುವುದು. ಕಣ್ಣಿಗೆ ಬೀಳದ ಕಡೆ, ಹತ್ತಿಯ ತುದಿಗೆ ಪಾಲಿಶ್ ಸ್ಪಿರಿಟ್ (ಪಾಲಿಶ್ ಕೆಲಸಕ್ಕೆ ಬಳಸುವ ಮದ್ಯಸಾರ) ಅದ್ದಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ, 1920ರ ದಶಕದಿಂದ ಬಳಕೆ ಹೆಚ್ಚಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಬೇಗ ಒಣಗುವ ಲೇಪ ಇರಬಹುದು. ಎರಡಕ್ಕೂ ಕರಗದಿದ್ದರೆ ವಾರ್ನಿಶ್ಶೋ ಪಾಲಿಯುರೆಥೇನೋ ಆಗಿರುವ ಸಂಭವವೇ ಹೆಚ್ಚು. ಹಳೆಯ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸವಿರಬಹುದು. ಪರೀಕ್ಷಿಸದೆ ಒಣದಾಗಿ ಉಜ್ಜಲೇಬೇಡಿ.

ಅನಂತರ ಮೃದು ಕುಂಚದಿಂದ ಧೂಳು ತೆಗೆದು, ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆಗೆ ಅಂಗೈಯಗಲದಷ್ಟನ್ನೇ ಒರೆಸಿ, ತಕ್ಷಣ ಒಣಬಟ್ಟೆಯಾಡಿಸಿ. ಬಟ್ಟೆಯ ಬಣ್ಣದ ಮೇಲೆ ಕಣ್ಣಿರಲಿ. ಬೂದುಗಪ್ಪು ಬಂದರೆ ಅದು ಕೊಳೆ. ಜೇನಿನಂಥ ಕಂದು ಬಂದು ಹೊಳಪು ಮಂಕಾದರೆ ಕರಗುತ್ತಿರುವುದು ಪಾಲಿಶ್, ಅಲ್ಲಿಗೆ ಕೈ ತೆಗೆಯಬೇಕು. ಅರಗಿನ ಮೇಲಿನ ಬಿಳಿ ವೃತ್ತ ಪದರದೊಳಗೆ ಸೇರಿದ ತೇವದ ಗುರುತಾದ್ದರಿಂದ ಹಲವೊಮ್ಮೆ ಹೋಗುತ್ತದೆ. ಕಪ್ಪು ಕಲೆ ಮರಕ್ಕೇ ಇಳಿದಿರುತ್ತದೆ, ಅದನ್ನು ಬಿಟ್ಟುಬಿಡಿ. ಅರಗಿನ ಪದರ ಬಿರುಕುಬಿಟ್ಟಿದ್ದರೆ ಕೆರೆದು ಹಾಕುವ ಅಗತ್ಯವಿಲ್ಲ. ಮೃದು ಕುಂಚದಲ್ಲಿ ತುಸುವೇ ಸ್ಪಿರಿಟ್ ತೆಗೆದುಕೊಂಡು ಮರದ ಎಳೆಯುದ್ದಕ್ಕೆ ಒಂದೇ ಸಲ ಎಳೆದರೆ ಹಳೆಯ ಅರಗೇ ಮೆತ್ತಗಾಗಿ ಕೂಡಿಕೊಳ್ಳುತ್ತದೆ. ಹಸಿಯಿರುವಾಗ ಎರಡನೆಯ ಸಲ ಎಳೆದರೆ ಪದರವೇ ಕಿತ್ತುಬರುತ್ತದೆ, ಮರುದಿನದವರೆಗೆ ಮುಟ್ಟಬೇಡಿ.

ಸಿಂಪಡಿಸಿದೊಡನೆ ಹೊಳಪು ಕೊಡುವ ಡಬ್ಬಿಗಳನ್ನು ನಾನು ಮನೆಯೊಳಗೇ ಸೇರಿಸುವುದಿಲ್ಲ. ಅವುಗಳಲ್ಲಿ ಸಿಲಿಕೋನ್ ಇದ್ದರೆ ಮುಂದೆ ಬಳಿಯುವ ಪಾಲಿಶ್ ಸಮನಾಗಿ ಹರಡದೆ ಗುಳಿ ಗುಳಿಯಾಗುತ್ತದೆ.

ಸಡಿಲವಾದ ಕೂಡುಗಳಿಗೆ ಮೊಳೆ ಹೊಡೆಯಬೇಡಿ. ಹಳೆಯ ಬಡಗಿಗಳು ಬಳಸುತ್ತಿದ್ದ ಚರ್ಮ, ಮೂಳೆಗಳ ಅಂಟು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುವುದರಿಂದ ಅದೇ ಬಗೆಯ ಅಂಟನ್ನು ಬಳಸಿದರೆ ಮುಂದಿನವರೂ ಬಿಚ್ಚಿ ಸರಿಪಡಿಸಬಹುದು. ಬಿಳಿ ಅಂಟು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹಿತ್ತಾಳೆಯ ಬೀಗಪಟ್ಟಿಯನ್ನು ಬಂಗಾರದಂತೆ ತಿಕ್ಕುವುದು ನನಗೆ ಸೇರದು, ಕೊಳ್ಳುವ ಸಂಗ್ರಾಹಕರಲ್ಲೂ ಹಲವರಿಗೆ ಸೇರದು. ಕೊನೆಗೆ ತೆಳುವಾಗಿ ಮೇಣ ಸವರಿದರೆ ಸಾಕು. ಅಗಸೆ ಎಣ್ಣೆ ಬಳಸಿದ್ದರೆ ಮಾತ್ರ ಬಟ್ಟೆಯನ್ನು ಮುದುಡಿ ಎಸೆಯದೆ ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು. ಮುದುಡಿದ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು.

ಮಾಡಿದ ದುರಸ್ತಿಯ ಪಟ್ಟಿಯನ್ನು, ಮಾರುವುದಾದರೆ ಕೊಳ್ಳುವವರಿಗೆ ಕೊಡಿ, ಇಟ್ಟುಕೊಳ್ಳುವುದಾದರೆ ಪೆಟ್ಟಿಗೆಯೊಳಗೇ ಇಡಿ. ನಮ್ಮ ಪೆಟ್ಟಿಗೆಯೊಳಗಿರುವ ಚೀಟಿಯಲ್ಲಿ ಮುಚ್ಚಳದ ಚಿತ್ರ ಬರೆದು, ಮಸಿ ಚೆಲ್ಲಿದ್ದ ಜಾಗಕ್ಕೆ ಅಮ್ಮನಿಂದಲೇ ಗುರುತು ಹಾಕಿಸಿದ್ದೇನೆ.